ಮಂಚ ಒಪ್ಪಿಸುವವರ ಊರಿನಲ್ಲಿ

ರಾಯಚೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಒಬ್ಬ ಮುದುಕಿ ನನ್ನ ಕೈ ಕಚ್ಚಿದಳು. ಆಕೆಯ ಬಾಯಲ್ಲಿ ಉಳಿದಿದ್ದದ್ದು ನಾಲ್ಕೇ ಹಲ್ಲು, ಆದರೆ ನಾಲ್ಕೂ ಗಟ್ಟಿಮುಟ್ಟು. ಬಿಸಿನೀರು, ಬಟ್ಟೆ ಹಿಡಿದು ಮಂಚದ ಬಳಿ ಹೋಗಿ, "ಅಜ್ಜಿ, ಮೈ ಒರೆಸ್ತೀನಿ, ಏಳಿ" ಎಂದು ಭುಜಕ್ಕೆ ಕೈ ಹಾಕಿದ್ದೆ, ಅಷ್ಟೇ. ಹೆಬ್ಬೆರಳಿನ ಬುಡದಲ್ಲಿ ರಕ್ತ ಒಸರಿತು. ಕೋಣೆಯಲ್ಲಿ ಮೂವರು ಆಯಾಗಳಿದ್ದರು. ಒಬ್ಬಳೂ ಓಡಿ ಬರಲಿಲ್ಲ. ಅವರಲ್ಲಿ ಎತ್ತರಕ್ಕೆ, ತೆಳ್ಳಗಿದ್ದ ಹುಡುಗಿಯೊಬ್ಬಳು ಹಾಸಿಗೆ ಬಟ್ಟೆ ಮಡಚುತ್ತಲೇ, "ನಿಮ್ಮನ್ನ ಇನ್ನಾ ಯಾರೂ ಒಪ್ಪಿಸಿಲ್ರಿ ಮೇಡಂ. ಅದಕ್ಕ ಕಚ್ಯಾಳ" ಎಂದಳು. ಅದರ ಅರ್ಥ ನನಗಾಗಲಿಲ್ಲ, ನಾನು ಕೇಳಲೂ ಇಲ್ಲ. ಗಾಯಕ್ಕೆ ಟಿಂಚರ್ ಹಚ್ಚಿಕೊಳ್ಳುತ್ತಾ, ಈ ಊರು ನನಗೆ ಆಗಿಬರುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡೆ.

ನಮ್ಮ ಕೊಳ್ಳೇಗಾಲದ ಕಡೆಯವರು ಕೇಳುತ್ತಲೇ ಇರುತ್ತಾರೆ, ಅಷ್ಟು ದೂರ ಯಾಕೆ ಹೋದೆ ಮಹದೇವಿ ಎಂದು. ಮೈಸೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಏಳು ವರ್ಷ ನರ್ಸ್ ಆಗಿದ್ದವಳು ನಾನು. ಅಲ್ಲಿ ಎಂದಿಗೂ ಯಾರದೋ ಕೈಕೆಳಗೆ. ರಾಯಚೂರಿನ ಹೊರವಲಯದ ಒಂದು ವೃದ್ಧರ ಆರೈಕೆ ಮನೆಗೆ ಮೇಲ್ವಿಚಾರಕಿ ಬೇಕು ಎಂಬ ಜಾಹೀರಾತಿನಲ್ಲಿ ಒಂದು ಸಾಲು ಇತ್ತು: ವೃದ್ಧರ ಸೇವೆಗೆ ಯುವಕ ಯುವತಿಯರನ್ನು ಕರೆತಂದು, ಅವರನ್ನು ನಾಯಕರನ್ನಾಗಿ ಬೆಳೆಸುವ ಹೊಣೆ. ಆ ಸಾಲಿಗೆ ನಾನು ಬಿದ್ದೆ. ಇಪ್ಪತ್ತೊಂಬತ್ತು ವರ್ಷದವಳಿಗೆ ನಾಯಕರನ್ನು ಬೆಳೆಸು ಎಂದರೆ ತಲೆ ತಿರುಗದೆ ಇರುತ್ತದೆಯೇ?

ಮೊದಲು ಇರಲು ಒಂದು ಕೋಣೆ ಬೇಕಿತ್ತು. ಆರು ಮನೆ ನೋಡಿದೆ. ಆರರಲ್ಲೂ ಕುಡಿಯಲು ನೀರು ಕೊಟ್ಟರು, ಕೂರಲು ಹೇಳಿದರು, ಆಮೇಲೆ "ಯಾವ ಮಂದಿ ನೀವು?" ಎಂದು ಕೇಳಿದರು. ನಮ್ಮ ಕಡೆ ಜಾತಿ ತಿಳಿದುಕೊಳ್ಳಲು ಊರು, ಕೇರಿ, ಅಪ್ಪನ ಹೆಸರು ಎಂದು ಸುತ್ತಿ ಬಳಸಿ ಬರುತ್ತಾರೆ. ಇಲ್ಲಿ ನೇರ. ನೇರವಾಗಿ ಕೇಳಿದ್ದರಿಂದ ಅವಮಾನ ಕಡಿಮೆಯೇನೂ ಆಗಲಿಲ್ಲ. ನನ್ನ ಉತ್ತರ ಕೇಳಿದ ಮೇಲೆ ನಾಲ್ಕು ಮನೆಯವರಿಗೆ ಇದ್ದಕ್ಕಿದ್ದಂತೆ ಊರಿಂದ ನೆಂಟರು ಬರುವವರಿದ್ದರು. ಉಳಿದ ಎರಡು ಮನೆಯವರಿಗೆ ಮದುವೆಯಾಗದ ಹೆಣ್ಣು ಒಬ್ಬಳೇ ಇರುವುದು ಸರಿಬರಲಿಲ್ಲ. ಕೊನೆಗೆ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಬಳೆ ಅಂಗಡಿಯ ಮಹಡಿಯ ಮೇಲೆ ಕೋಣೆ ಸಿಕ್ಕಿತು. ಅಂಗಡಿಯ ಯಜಮಾನಿಯನ್ನು ಗಲ್ಲಿಯವರೆಲ್ಲ ಖಾಲಾ ಎನ್ನುತ್ತಾರೆ, ಎಂದರೆ ಚಿಕ್ಕಮ್ಮ. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಆಕೆಯೂ ಮೆತ್ತಗಿನ ಹೆಂಗಸಲ್ಲ. "ನೀರು ಮುಂಜಾನಿ ಅರ್ಧ ತಾಸು ಬರ್ತದ. ಹಿಡದ್ರ ಹಿಡಿ, ಬಿಟ್ರ ಬಿಡು. ನಾ ಎಬ್ಬಿಸಂಗಿಲ್ಲ" ಎಂದು ಬೀಗದ ಕೈ ಕೊಟ್ಟಳು. ಜಾತಿ ಮಾತ್ರ ಕೇಳಲಿಲ್ಲ.

ಊಟದ ಮಾತು ಆಡಿದರೆ ನೀವು ನಗುತ್ತೀರಿ. ರಾಗಿ ಮುದ್ದೆ ನುಂಗಿ ಬೆಳೆದ ಗಂಟಲಿಗೆ ಜೋಳದ ರೊಟ್ಟಿ ಅಗಿದು ತಿನ್ನುವುದು ಒಂದು ಕೆಲಸವೇ ಆಯಿತು. ಮೊದಲ ತಿಂಗಳು ದವಡೆ ನೋಯುತ್ತಿತ್ತು. ಪುಂಡಿ ಪಲ್ಲೆ ಎಂಬ ಹುಳಿ ಸೊಪ್ಪಿಗೆ ಇವರು ಹಾಕುವ ಖಾರಕ್ಕೆ ಕಣ್ಣಲ್ಲಿ ನೀರು ಬಂದಾಗ, ಎದುರಿಗೆ ಕೂತವರು ಕನಿಕರ ತೋರಿಸದೆ ಇನ್ನೊಂದು ರೊಟ್ಟಿ ಹಾಕಿದರು. ಬಿಸಿಲಂತೂ ಬೇರೆಯೇ ಜಾತಿಯದು. ನಮ್ಮಲ್ಲಿ ಬಿಸಿಲು ಬರುತ್ತದೆ, ಹೋಗುತ್ತದೆ. ಇಲ್ಲಿ ಅದು ಗೋಡೆಯೊಳಗೆ ಸೇರಿಕೊಂಡು ಸಂಜೆಯ ಮೇಲೂ ಮನೆಯಲ್ಲೇ ಕೂತಿರುತ್ತದೆ. ಅವ್ವ ಫೋನಿನಲ್ಲಿ ದಿನವೂ, "ಉಂಡ್ಯಾ ಕೂಸೇ? ಯಾವಾಗ ಬತ್ತೀಯೆ?" ಎಂದು ಕೇಳುತ್ತಿದ್ದಳು. ಇನ್ನೇನು ಬತ್ತೀನಿ ಕಣವ್ವ, ಎನ್ನುತ್ತಿದ್ದೆ. ಆಗ ಅದು ನಿಜವೇ ಆಗಿತ್ತು.

ಯುವಜನರನ್ನು ಕರೆತರುವ ನನ್ನ ಕೆಲಸ ಹೇಗೆ ನಡೆಯಿತು ಎಂದು ಹೇಳಲೇಬೇಕು. ಸಂಸ್ಥೆಯ ಕಾರ್ಯದರ್ಶಿ ಬಣ್ಣಬಣ್ಣದ ಕರಪತ್ರ ಮಾಡಿಸಿಕೊಟ್ಟರು. ಅದರ ಮೇಲೆ ನಗುವ ಅಜ್ಜಿ, ನಗುವ ಹುಡುಗಿ. ನಿಜವಾದ ಮೂತ್ರದ ವಾಸನೆ ಕರಪತ್ರಕ್ಕೆ ಅಂಟುವುದಿಲ್ಲ, ನೋಡಿ. ಅದನ್ನು ಹಿಡಿದು ಮಾನ್ವಿಯ ಕಾಲೇಜುಗಳಲ್ಲಿ ಮಾತಾಡಿದೆ. ಹುಡುಗಿಯರು ಕೇಳಿದರು, ಹುಡುಗರು ಹಿಂದಿನ ಬೆಂಚಿನಲ್ಲಿ ಕಿಸಕಿಸ ನಕ್ಕರು. ಪೋತ್ನಾಳದಲ್ಲಿ ಒಬ್ಬ ಹುಡುಗಿ ಬರುತ್ತೇನೆ ಎಂದಳೆಂದು ಅವಳ ಮನೆಗೇ ಹೋದೆ. ಅವಳ ತಾಯಿ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದವಳು ಮೊರ ಕೆಳಗಿಡಲೂ ಇಲ್ಲ.

"ಮುದುಕರ ಹೇಲು ಬಳಿಯಾಕ ನನ್ನ ಮಗಳು ಹನ್ನೆರಡನೆತ್ತ ಓದ್ಯಾಳೇನ್ರೀ?" ಎಂದಳು. "ನಾಳಿ ಹೆಣ್ಣು ನೋಡಾಕ ಬಂದವರು ಏನ್ ಕೆಲಸಾ ಅಂತ ಕೇಳಿದ್ರ ನಾ ಏನಂತ ಹೇಳ್ಲಿ?"

"ಮುಂದೆ ಅವಳೇ ಮೇಲ್ವಿಚಾರಕಿ ಆಗಬಹುದು" ಎಂದೆ.

"ಹೇಲು ಬಳಿಯೋರ ಮೇಲ್ವಿಚಾರಕಿ" ಎಂದು ಆಕೆ ಮೊರವನ್ನು ಜೋರಾಗಿ ಕೊಡವಿದಳು. ಅಕ್ಕಿಯ ಹೊಟ್ಟು ಎಲ್ಲ ನನ್ನ ಸೀರೆಯ ಮೇಲೆ ಬಿತ್ತು. ಎಂಟು ತಿಂಗಳಲ್ಲಿ ನಾನು ಕರೆತಂದದ್ದು ನಾಲ್ವರನ್ನು. ಇಬ್ಬರು ಮೊದಲ ವಾರವೇ ಕಾಲು ಕಿತ್ತರು.

ಇಷ್ಟರ ನಡುವೆ, ನಾಯಕಿ ಎನ್ನುವವಳು ಒಬ್ಬಳು ನನ್ನ ಕಣ್ಣೆದುರಿಗೇ ಓಡಾಡುತ್ತಿದ್ದಳು. ನನಗೆ ಕಾಣಲಿಲ್ಲ. ಮೊದಲ ದಿನ ಹಾಸಿಗೆ ಬಟ್ಟೆ ಮಡಚುತ್ತಿದ್ದ ಆ ಎತ್ತರದ ಹುಡುಗಿ, ಹುಲಿಗೆಮ್ಮ. ಇಪ್ಪತ್ತಮೂರು ವರ್ಷ. ದೇವದುರ್ಗದ ಹತ್ತಿರದ ಹಳ್ಳಿಯವಳು, ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ ಕೂಲಿಯವರ ಮನೆ, ಮನೆಯಲ್ಲಿ ಬುದ್ಧನ ಪಟ. ಪಿಯುಸಿ ಮುಗಿಸಿ ಮೂರು ವರ್ಷದಿಂದ ಇಲ್ಲಿದ್ದಳು. ಆಯಾಗಳಲ್ಲಿ ಆಕೆಗಿಂತ ಹಿರಿಯರಿದ್ದರೂ, ಯಾವುದೇ ಕೆಲಸಕ್ಕೂ ಎಲ್ಲರೂ ಆಕೆಯ ಮುಖ ನೋಡುತ್ತಿದ್ದರು. ಅದು ನನಗೆ ಹಿಡಿಸಲಿಲ್ಲ, ಇದನ್ನು ಒಪ್ಪಿಕೊಳ್ಳುತ್ತೇನೆ.

ಇವರಲ್ಲಿ ಒಂದು ಪದ್ಧತಿ ಇತ್ತು. ಪಾಳಿ ಬದಲಾಗುವಾಗ ಹೋಗುವವಳೂ ಬಂದವಳೂ ಜೊತೆಯಾಗಿ ಮಂಚದಿಂದ ಮಂಚಕ್ಕೆ ನಡೆಯಬೇಕು. ಹೋಗುವವಳು ಅಜ್ಜಿಗೆ ಕೇಳುವಂತೆ ಹೇಳಬೇಕು: "ಯವ್ವಾ, ಉಂಡೀದಿ. ಎಡಮಗ್ಗಲಾ ಮಲಗೀದಿ. ಬೆನ್ನು ನೋಡೀನಿ, ಚಲೋ ಅದ. ನಾ ಹೊಂಟೀನಿ. ಇನ್ನ ಈಕಿ ಅದಾಳ." ಬಂದವಳು ತಾನೂ ಒಮ್ಮೆ ಬೆನ್ನು ನೋಡಿ, ಅಜ್ಜಿಯ ಅಂಗೈಯಲ್ಲಿ ತನ್ನ ಕೈಯಿಟ್ಟು, "ಅದೀನಿ ಯವ್ವಾ" ಎನ್ನಬೇಕು. ಅವಳು ಹಾಗೆನ್ನುವವರೆಗೆ ಮೊದಲಿನವಳು ಮಂಚ ಬಿಟ್ಟು ಕದಲುವಂತಿಲ್ಲ, ಬಸ್ಸು ತಪ್ಪಿದರೂ. ಇದಕ್ಕೆ ಮಂಚ ಒಪ್ಪಿಸುವುದು ಎನ್ನುತ್ತಿದ್ದರು. ಈ ಪದ್ಧತಿಯನ್ನು ಮನೆಯೊಳಗೆ ತಂದವಳು ಹುಲಿಗೆಮ್ಮನೇ. ನನ್ನನ್ನು ಕಚ್ಚಿದ ಅಮರಮ್ಮಜ್ಜಿಗೆ ಎರಡು ಕಣ್ಣೂ ಕಾಣುವುದಿಲ್ಲ. ಯಾರೆಂದು ಹೇಳದೆ ಮೈಮೇಲೆ ಬಿದ್ದ ಕೈಯನ್ನು ಆಕೆ ಕಚ್ಚಿದ್ದರಲ್ಲಿ ಈಗ ಯೋಚಿಸಿದರೆ ಏನೂ ತಪ್ಪಿಲ್ಲ.

ಆಗ ಹಾಗೆ ಕಾಣಲಿಲ್ಲ. ಇಪ್ಪತ್ತಾರು ಮಂಚ. ಪ್ರತಿ ಮಂಚದಲ್ಲೂ ಮಾತು. ಅಜ್ಜಿಯರು ಸುಮ್ಮನಿರುತ್ತಾರೆಯೇ? ಒಬ್ಬಳಿಗೆ ನಿನ್ನೆಯ ಸಾರಿಗೆ ಉಪ್ಪಿರಲಿಲ್ಲ, ಇನ್ನೊಬ್ಬಳಿಗೆ ಪಕ್ಕದ ಮಂಚದವಳು ಗೊರಕೆ ಹೊಡೆದಳು, ಮತ್ತೊಬ್ಬಳಿಗೆ ಮಗ ಕನಸಿನಲ್ಲಿ ಬಂದಿದ್ದ. ಮುಕ್ಕಾಲು ತಾಸು ಹೋಗುತ್ತಿತ್ತು. ಮೈಸೂರಿನಲ್ಲಿ ನಾವು ಐವತ್ತು ರೋಗಿಗಳನ್ನು ಹತ್ತು ನಿಮಿಷದಲ್ಲಿ ಕಾಗದದ ಮೇಲೆ ವಹಿಸಿಕೊಡುತ್ತಿದ್ದೆವು. ನಾನು ಚಾರ್ಟ್ ಮಾಡಿದೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಒಂದು ಟಿಕ್, ಊಟಕ್ಕೆ ಒಂದು, ಬೆನ್ನು ನೋಡಿದ್ದಕ್ಕೆ ಒಂದು. ಕೆಳಗೆ, ಉಸ್ತುವಾರಿ: ಹುಲಿಗೆಮ್ಮ, ಎಂದು ನಾನೇ ಟೈಪ್ ಮಾಡಿದೆ. ಯುವ ನಾಯಕಿಗೆ ನಾನು ಕೊಟ್ಟ ಉಡುಗೊರೆ ಅದು ಎಂದುಕೊಂಡಿದ್ದೆ. ಕಾರ್ಯದರ್ಶಿಗೆ ಚಾರ್ಟ್ ಬಹಳ ಇಷ್ಟವಾಯಿತು. ಗೋಡೆಗೆ ಅಂಟಿಸಿ ಫೋಟೋ ತೆಗೆಸಿದರು.

ಇನ್ನು ಮುಂದೆ ಮಂಚ ಒಪ್ಪಿಸುವುದು ಬೇಡ ಎಂದ ದಿನ ಹುಲಿಗೆಮ್ಮ ಎಲ್ಲರೆದುರು ಕೇಳಿದಳು. "ಹಾಳಿ ಮ್ಯಾಗ ಟಿಕ್ ಹಾಕ್ತೀವ್ರಿ ಮೇಡಂ. ಅಮರಮ್ಮಜ್ಜಿಗಿ ಯಾರು ಬಂದಾರ, ಯಾರು ಹೋಗ್ಯಾರ ಅಂತ ಹಾಳಿ ಹೇಳ್ತದೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಆರು ಮನೆಗಳ ಸಿಟ್ಟು, ಪೋತ್ನಾಳದ ಹೊಟ್ಟಿನ ಸಿಟ್ಟು, ಬಿಸಿಲಿನ ಸಿಟ್ಟು, ಎಲ್ಲ ಸೇರಿ ಆ ಹುಡುಗಿಯ ಮೇಲೆ ಹೋಯಿತು. "ಇದು ಹೊಲ ಅಲ್ಲ ಹುಲಿಗೆಮ್ಮ. ಕೂಲಿ ಮಂದಿಯ ಪದ್ಧತಿ ಇಲ್ಲಿ ಬೇಡ" ಎಂದೆ.

ನನ್ನ ಅವ್ವ ಕೊಳ್ಳೇಗಾಲದಲ್ಲಿ ಇಪ್ಪತ್ತು ವರ್ಷ ರೇಷ್ಮೆ ಬಿಚ್ಚುವ ಕೂಲಿ ಮಾಡಿ, ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ನನ್ನನ್ನು ಓದಿಸಿದವಳು. ಆ ಮಾತು ಬಾಯಿಂದ ಹೊರಟ ಕೂಡಲೇ ನನಗೆ ಆ ಬೆರಳುಗಳು ನೆನಪಾದವು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೇಲ್ವಿಚಾರಕಿ ಎಂಬ ಹೆಸರು ಕುತ್ತಿಗೆಯಲ್ಲಿ ನೇತಾಡುತ್ತಿತ್ತಲ್ಲ. ಹುಲಿಗೆಮ್ಮ, "ಆತ್ರಿ" ಎಂದಳು. ಅದಾದ ಮೇಲೆ ಆಕೆ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದ್ದು ನನಗೆ ನೆನಪಿಲ್ಲ.

ತಪ್ಪು ಸರಿಮಾಡಿಕೊಳ್ಳುವ ಬುದ್ಧಿಯಿಂದಲೋ, ಆಕೆಯನ್ನು ಸ್ವಲ್ಪ ದಿನ ಕಣ್ಣಿಂದ ಮರೆಮಾಡುವ ಬುದ್ಧಿಯಿಂದಲೋ, ಬೆಂಗಳೂರಿನಲ್ಲಿ ನಡೆಯಲಿದ್ದ ಮೂರು ವಾರದ ಯುವ ನಾಯಕತ್ವ ತರಬೇತಿಗೆ ಅವಳ ಹೆಸರು ಬರೆದೆ. ಎರಡೂ ಇದ್ದವು ಎಂದು ಈಗ ಹೇಳಬಲ್ಲೆ. ಅಲ್ಲಿ ಅವರಿಗೆ ಕಣ್ಣು ಕಟ್ಟಿ ಚೆಂಡು ಎಸೆಯುವ ಆಟ ಆಡಿಸಿದರಂತೆ, ಬಣ್ಣದ ಕಾಗದದ ಮೇಲೆ ಕನಸು ಬರೆಸಿದರಂತೆ, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವ ಮಾತೇ ಬರಲಿಲ್ಲವಂತೆ. ಆಕೆ ಮರಳಿದ ಮುಂಜಾನೆ ಚೀಲ ಹೆಗಲಲ್ಲಿದ್ದಂತೆಯೇ ನೇರ ಅಮರಮ್ಮಜ್ಜಿಯ ಮಂಚಕ್ಕೆ ಹೋದಳು. "ಯವ್ವಾ, ಬಂದೀನಿ" ಎಂದವಳು ಅಲ್ಲೇ ನಿಂತಳು. ಮೂಗು ಅರಳಿತು. ಸೀರೆ ಸರಿಸಿ ಅಜ್ಜಿಯನ್ನು ಮೆಲ್ಲಗೆ ಬೋರಲು ಹೊರಳಿಸಿ, "ಮೇಡಂ, ಬರ್ರಿ ಇಲ್ಲಿ" ಎಂದು ಕೂಗಿದಳು.

ಬೆನ್ನಿನ ಕೆಳಗೆ, ಸೊಂಟದ ಮೂಳೆಯ ಮೇಲೆ, ಅರ್ಧ ಅಂಗೈ ಅಗಲದ ಹುಣ್ಣು. ಮಲಗಿದಲ್ಲೇ ಮಲಗಿ ಮಾಂಸ ಕೊಳೆತಿತ್ತು. ನಾನು ಗೋಡೆಯ ಚಾರ್ಟ್ ನೋಡಿದೆ. ಮೂರು ವಾರ ಒಂದೇ ಒಂದು ಟಿಕ್ ತಪ್ಪಿರಲಿಲ್ಲ. ಒಂದೇ ಪೆನ್ನು, ಒಂದೇ ಓರೆ, ಸಾಲಾಗಿ. ನಾನು ಮಾನ್ವಿಯಿಂದ ಕರೆತಂದ ಹೊಸ ಹುಡುಗಿಯರಿಬ್ಬರು ಪಾಳಿಯ ಕೊನೆಯಲ್ಲಿ ಒಟ್ಟಿಗೇ ಎಲ್ಲವನ್ನೂ ತುಂಬುತ್ತಿದ್ದರು. ಎಷ್ಟು ನೀಟಾಗಿ ಬರೆದಿದ್ದೀರಿ ಎಂದು ಹೊಗಳಿದವಳು ನಾನೇ. ಬೆನ್ನು ನೋಡಲು ಯಾರೂ ಜೊತೆಗೆ ನಡೆಯುತ್ತಿರಲಿಲ್ಲ, ಯಾರ ಕೈಗೂ ಯಾರನ್ನೂ ಒಪ್ಪಿಸುತ್ತಿರಲಿಲ್ಲ. ಅಜ್ಜಿ ನೋವು ಎಂದು ಹೇಳಿದ್ದಳಂತೆ. ಯಾರಿಗೆ ಹೇಳುತ್ತಿದ್ದೇನೆ ಎಂದು ಆಕೆಗೆ ಗೊತ್ತಿರಲಿಲ್ಲ.

ಮರುದಿನ ಮಾನ್ವಿಯಿಂದ ಅಮರಮ್ಮಜ್ಜಿಯ ಮಗ ಬಂದ. ಬೀಜ ಗೊಬ್ಬರದ ಅಂಗಡಿಯವನು, ಐವತ್ತರ ಮೇಲಿನ ಗಂಡಸು. "ನಮ್ಮವ್ವನ ಬೆನ್ನು ಕೊಳಿಸೀರಿ" ಎಂದು ಕೂಗಾಡಿದ. ಆಮೇಲೆ ಮಂಚದ ಪಕ್ಕ ಕೂತು ಅತ್ತ. ಕಾರ್ಯದರ್ಶಿ ಅವನಿಗೆ ಚಹಾ ತರಿಸಿ, ಸಮಾಧಾನ ಹೇಳಿ, ಚಾರ್ಟಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಉಸ್ತುವಾರಿ: ಹುಲಿಗೆಮ್ಮ. ಹುಲಿಗೆಮ್ಮನನ್ನು ಅಂದೇ ಮನೆಗೆ ಕಳಿಸಿದರು. ಸಂಸ್ಥೆಯ ಸಮಿತಿಯ ಸಭೆ ನಾಲ್ಕು ದಿನ ಬಿಟ್ಟು ಎಂದಾಯಿತು. ತಪ್ಪು ಆಕೆಯದು ಎಂಬ ಪತ್ರಕ್ಕೆ ನಾನು ಸಹಿ ಹಾಕಬೇಕಿತ್ತು.

"ಆಕೆ ಬೆಂಗಳೂರಿನಲ್ಲಿದ್ದಳು ಸಾರ್" ಎಂದೆ.

"ಹೆಸರು ಆಕಿದು ಅದ ಅಲ್ರೀ" ಎಂದರು ಕಾರ್ಯದರ್ಶಿ. "ಮೇಡಂ, ನೀವು ಓದಿದೋರು, ನಿಮ್ಮ ಹೆಸರು ಯಾಕ ಕೆಡಬೇಕು? ಒಂದು ಹುಡುಗಿ ಹೋದ್ರ ಹತ್ತು ಹುಡುಗ್ಯಾರು ಬರ್ತಾರ."

ಹತ್ತು ಹುಡುಗಿಯರು ಬರುತ್ತಾರೆ ಎಂದು ಎಂಟು ತಿಂಗಳು ಬಿಸಿಲಲ್ಲಿ ತಿರುಗಿದವಳಿಗೆ ಹೇಳುತ್ತಿದ್ದರು. ಆ ಕ್ಷಣವೇ ಪತ್ರ ಹರಿದು ಬಿಸಾಡಿದೆ ಎಂದು ಬರೆದರೆ ನಿಮಗೆ ಖುಷಿಯಾಗುತ್ತಿತ್ತು. ನಾನು ಪತ್ರವನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡೆ. ಎರಡು ದಿನ ಇಟ್ಟುಕೊಂಡೆ. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ, ಹಾಕದಿದ್ದರೆ ಕೊಳ್ಳೇಗಾಲಕ್ಕೆ ಸೋತ ಮುಖ ಹೊತ್ತು ಹೋಗಬೇಕು. ಇದನ್ನೇ ಲೆಕ್ಕ ಹಾಕುತ್ತಿದ್ದೆ. ಖಾಲಾ ನನ್ನ ಮುಖ ನೋಡಿ ವಿಷಯ ಬಾಯಿ ಬಿಡಿಸಿದಳು. ಪೂರ್ತಿ ಕೇಳಿ, "ಊಟ ಹೆಂಗ ಇಳೀತದ ನಿನಗ?" ಎಂದಳು. ಅಷ್ಟೇ ಅಂದು ಅಂಗಡಿಗೆ ಇಳಿದು ಹೋದಳು.

ಮೂರನೆಯ ದಿನ ಬೆಳಗ್ಗೆ ದೇವದುರ್ಗದ ಬಸ್ಸು ಹತ್ತಿದೆ. ಅಲ್ಲಿಂದ ಟಂಟಂ ಆಟೋದಲ್ಲಿ ಹಳ್ಳಿಗೆ. ಹುಲಿಗೆಮ್ಮನ ಮನೆಯ ಮುಂದೆ ಇಳಿಯುವಾಗ ಅವಳು ಮತ್ತು ಅವಳ ತಾಯಿ ಬುತ್ತಿ ಕಟ್ಟಿಕೊಂಡು ನಾಟಿಗೆ ಹೊರಟಿದ್ದರು. ನನ್ನನ್ನು ನೋಡಿಯೂ ನೋಡದವಳಂತೆ ಅವಳು ಕಟ್ಟೆಯ ಮೇಲೆ ಕೂತಿದ್ದ ತನ್ನ ಅಜ್ಜಿಯ ಬಳಿ ಬಾಗಿದಳು. ಪಕ್ಕದ ಮನೆಯ ಬಾಣಂತಿಯೊಬ್ಬಳು ಮಗುವನ್ನೆತ್ತಿಕೊಂಡು ಬಂದು ನಿಂತಿದ್ದಳು.

"ಯಮ್ಮಾ, ರೊಟ್ಟಿ ತಿಂದೀದಿ. ಗುಳಗಿ ಕೊಟ್ಟೀನಿ. ನಾವು ಹೊಲಕ್ಕ ಹೊಂಟೀವಿ. ಇನ್ನ ಈಕಿ ಅದಾಳ."

"ಅದೀನಿ ಯವ್ವಾ" ಎಂದು ಬಾಣಂತಿ ಮುದುಕಿಯ ಕೈ ಹಿಡಿದಳು.

ಆ ಓಣಿಯುದ್ದಕ್ಕೂ ಇದೇ ನಡೆದಿತ್ತು. ಮನೆಮನೆಯ ಹೆಂಗಸರು ಕೂಲಿಗೆ ಹೋಗುವ ಮುಂಚೆ ಮನೆಯ ಮುದುಕರನ್ನು, ಉಳಿಯುವವಳೊಬ್ಬಳ ಕೈಗೆ ಹೀಗೆ ಒಪ್ಪಿಸಿ ಹೋಗುತ್ತಿದ್ದರು. ನಾನು ಕೂಲಿ ಮಂದಿಯ ಪದ್ಧತಿ ಎಂದದ್ದು ಸುಳ್ಳಲ್ಲ. ಬೇಡ ಎಂದದ್ದೇ ತಪ್ಪು. ನಮ್ಮ ಕೇರಿಯಲ್ಲಿ ಅವ್ವ ರೇಷ್ಮೆ ಕೆಲಸಕ್ಕೆ ಹೋಗುವಾಗ ನಮ್ಮಜ್ಜಿ ಬಾಗಿಲಲ್ಲಿ ಒಬ್ಬಳೇ ಕೂತು ಬೀದಿ ನೋಡುತ್ತಿದ್ದಳು. ಅವಳನ್ನು ಯಾರ ಕೈಗೂ ಯಾರೂ ಕೊಟ್ಟು ಹೋದದ್ದು ನನಗೆ ನೆನಪಿಲ್ಲ.

ಹುಲಿಗೆಮ್ಮ ನನಗೆ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಕೂರು ಎನ್ನಲಿಲ್ಲ.

"ಕೆಲಸಕ್ಕ ಕರಿಯಾಕ ಬಂದೀರೇನ್ರಿ, ತಪ್ಪಾತು ಅನ್ನಾಕ ಬಂದೀರೇನ್ರಿ?" ಎಂದಳು. "ಮೊದಲ ಅದು ಹೇಳ್ರಿ. ಎರಡೂ ಕೂಡಿಸಬ್ಯಾಡ್ರಿ."

"ತಪ್ಪಾಯಿತು ಎನ್ನುವುದಕ್ಕೆ."

"ಇಲ್ಲಿ ಅಂದ್ರ ಯಾರು ಕೇಳ್ತಾರ? ಅವತ್ತು ಎಲ್ಲಾರ ಮುಂದ ಅಂದೀರಿ. ಎಲ್ಲಾರ ಮುಂದ ಅನ್ರಿ." ಬುತ್ತಿಯ ಗಂಟು ತಲೆಗೇರಿಸಿಕೊಂಡು, ನಾಟಿಯ ಗುಂಪು ಸೇರಿಕೊಂಡಳು. ಹೋಗುವಾಗ ಮಾತ್ರ ತಿರುಗಿ, "ಅಮರಮ್ಮಜ್ಜಿ ಗಾಯಾ ಹೆಂಗ ಅದ?" ಎಂದು ಕೇಳಿದಳು. ದಿನಕ್ಕೆರಡು ಸಲ ನಾನೇ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದೇನೆ ಎಂದೆ. "ಕಟ್ರಿ" ಎಂದಳು.

ಸಮಿತಿಯ ಸಭೆಯಲ್ಲಿ ಏಳು ಜನ ಕೂತಿದ್ದರು. ಬಾಗಿಲ ಬಳಿ ಆಯಾಗಳೆಲ್ಲ ನಿಂತಿದ್ದರು. ಹುಲಿಗೆಮ್ಮನನ್ನೂ ಕರೆಸಿದ್ದರು. ಪತ್ರವನ್ನು ಸಹಿಯಿಲ್ಲದೆ ಮೇಜಿನ ಮೇಲಿಟ್ಟೆ. ಮಂಚ ಒಪ್ಪಿಸುವುದನ್ನು ನಿಲ್ಲಿಸಿದ್ದು ನಾನು, ಚಾರ್ಟ್ ನನ್ನದು, ಆಕೆಯ ಹೆಸರು ಟೈಪ್ ಮಾಡಿದ್ದೂ ನಾನು, ಆಕೆ ಬೇಡ ಎಂದಾಗ ಎಲ್ಲರ ಮುಂದೆ ಕೂಲಿ ಮಂದಿ ಎಂದು ಹೀಯಾಳಿಸಿದ್ದೂ ನಾನು, ಎಂದೆ. ಕಾರ್ಯದರ್ಶಿಯ ಮುಖ ಕೆಂಪೇರಿತು.

"ಅಷ್ಟು ದೂರದಿಂದ ನಂಬಿ ಕರಿಸೀವಿ ನಿಮ್ಮನ್ನ. ನಮ್ಮ ಸಂಸ್ಥೆ ಮಾನಾ ಕಳದ್ರಿ" ಎಂದರು. "ಹೊರಗಿನ ಮಂದಿನ್ನ ತಂದ್ರ ಹಿಂಗ ಆಗೋದು." ಎಂಟು ತಿಂಗಳು ಮೇಡಂ ಆಗಿದ್ದವಳು ಒಂದು ವಾಕ್ಯದಲ್ಲಿ ಹೊರಗಿನವಳಾದೆ. ಮೇಲ್ವಿಚಾರಕಿಯ ಸ್ಥಾನದಿಂದ ತೆಗೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಆದರೂ ಹುಲಿಗೆಮ್ಮನನ್ನು ಮರಳಿ ತೆಗೆದುಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಆಗ ಬಾಗಿಲ ಬಳಿಯಿದ್ದ ಎಲ್ಲರಿಗಿಂತ ಹಿರಿಯ ಆಯಾ ಒಬ್ಬಳು, "ಆಕಿ ಬರದಿದ್ರ ನಾಳಿ ನಾವೂ ಬರಂಗಿಲ್ರಿ ಸಾಹೇಬ್ರ" ಎಂದಳು. ಬೇರೆಯವರು ಸೆರಗು ಸರಿಮಾಡಿಕೊಂಡು ಹೊರಡಲು ಸಿದ್ಧರಾಗಿ ನಿಂತರು. ಇಪ್ಪತ್ತಾರು ಮಂಚ ಯಾರು ನೋಡುತ್ತಾರೆ ಎಂಬುದು ಸಮಿತಿಗೆ ಆಗ ಹೊಳೆಯಿತು.

ಹುಲಿಗೆಮ್ಮ ಸುಲಭಕ್ಕೆ ಬರಲಿಲ್ಲ. ಮಂಚ ಒಪ್ಪಿಸುವುದು ಮತ್ತೆ ಆಗಬೇಕು, ಆ ಮುಕ್ಕಾಲು ತಾಸು ಪಾಳಿಯಲ್ಲೇ ಸೇರಬೇಕು, ಹೊಸ ಹುಡುಗಿಯರಿಗೆ ಕೆಲಸ ಕಲಿಸುವವಳು ತಾನು, ಉಸ್ತುವಾರಿ ಎಂದು ಹಾಳೆಯ ಕೆಳಗೆ ಬೇಡ, ನೇಮಕದ ಆದೇಶದಲ್ಲಿ ಬರೆದುಕೊಡಬೇಕು ಎಂದಳು. ಬರೆದುಕೊಟ್ಟರು. ಟಿಕ್ ಹಾಕಿದ ಇಬ್ಬರು ಹುಡುಗಿಯರನ್ನು ಓಡಿಸುತ್ತಾಳೆ ಎಂದುಕೊಂಡಿದ್ದೆ. ಓಡಿಸಲಿಲ್ಲ. ದಿನಾ ಮುಂಜಾನೆ ಅವರಿಬ್ಬರನ್ನು ಎಡಕ್ಕೂ ಬಲಕ್ಕೂ ಇಟ್ಟುಕೊಂಡು ಮಂಚದಿಂದ ಮಂಚಕ್ಕೆ ನಡೆದಳು. ಬೈದಳು, ಬೆನ್ನು ತೋರಿಸಿದಳು, ಮೂಸಿ ನೋಡಿಸಿದಳು. ಅವರಲ್ಲೊಬ್ಬಳು ತಿಂಗಳಾದ ಮೇಲೆ ಪೋತ್ನಾಳದ ತನ್ನ ಗೆಳತಿಯನ್ನು ಕರೆತಂದಳು. ಮೊರ ಕೊಡವಿದ ಆ ತಾಯಿಯ ಮಗಳೇ. ಹೇಗೆ ಒಪ್ಪಿದರು ಎಂದರೆ, "ಹುಲಿಗೆಮ್ಮಕ್ಕ ಮನಿಗಿ ಬಂದು ಮಾತಾಡ್ಯಾಳ್ರಿ" ಎಂದಳು. ಏನು ಮಾತಾಡಿದಳೋ ನನಗೆ ಯಾರೂ ಹೇಳಲಿಲ್ಲ, ನನ್ನ ಬಳಿ ಕರಪತ್ರಗಳ ಕಟ್ಟು ಹಾಗೇ ಬಿದ್ದಿದೆ.

ನನಗೆ ನರ್ಸಿನ ಕೆಲಸ ಕೊಟ್ಟರು, ಹುಲಿಗೆಮ್ಮನ ಕೈಕೆಳಗೆ. ಮೈಸೂರಿನ ಹಳೆಯ ಆಸ್ಪತ್ರೆಯವರು ಮತ್ತೆ ಬಾ ಎಂದು ಕರೆದಿದ್ದಾರೆ. ಅವ್ವ ದಿನಾ ಕೇಳುತ್ತಾಳೆ. ಅಮರಮ್ಮಜ್ಜಿಯ ಗಾಯ ಮಾಯಲಿ, ಹೊರಡುತ್ತೇನೆ ಎಂದು ಹೇಳುತ್ತಾ ಬಂದಿದ್ದೇನೆ. ಗಾಯ ಮಾಯುವುದು ನಿಧಾನ. ಹುಲಿಗೆಮ್ಮ ನನ್ನನ್ನು ಕ್ಷಮಿಸಿಲ್ಲ. ಕೆಲಸ ಹೇಳುತ್ತಾಳೆ, ಮುಖ ನೋಡುವುದಿಲ್ಲ. ನಾನು ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡದ್ದಕ್ಕೆ ಆಕೆ ಮೆಚ್ಚಬೇಕಿತ್ತು ಎಂದು ಕೆಲವು ದಿನ ಒಳಗೇ ಕುದಿದೆ. ಆಮೇಲೆ ಅದೂ ಬಿಟ್ಟುಹೋಯಿತು. ನನ್ನನ್ನು ಮೆಚ್ಚಲಿ ಎಂದು ಆಕೆಯನ್ನು ಯಾರೂ ಉಸ್ತುವಾರಿ ಮಾಡಿಲ್ಲವಲ್ಲ.

ಕೊಳ್ಳೇಗಾಲಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದೆ. ಮುದ್ದೆ ನಾಲಿಗೆಗೆ ಮೆತ್ತಗೆನಿಸಿ ಉಪ್ಪಿನಕಾಯಿ ಕೇಳಿದೆ. ಸಂತೆಗೆ ಹೊರಟ ಅತ್ತಿಗೆಗೆ, "ಅಜ್ಜೀನ ಯಾರ ಕೈಗೆ ಒಪ್ಪಿಸಿ ಹೋಯ್ತಿದ್ದೀಯೆ?" ಎಂದು ಕೇಳಿದೆ. ಎಲ್ಲರೂ ನನ್ನನ್ನೇ ನೋಡಿದರು. "ಇವಳ ಮಾತು ಯಾಕೋ ಬ್ಯಾರೆ ತರ ಆಗದೆ" ಎಂದು ಅಣ್ಣ ನಕ್ಕ. ಊರಿಗೆ ಬಂದೆ ಎನಿಸಲಿಲ್ಲ. ರಾಯಚೂರಿಗೆ ಮರಳಿ ಇಳಿದಾಗ, ಬಿಸಿಲು ಮುಖಕ್ಕೆ ಹೊಡೆದಾಗ, ಇದು ನನ್ನೂರು ಎಂದೂ ಎನಿಸಲಿಲ್ಲ.

ಬಸ್ಸಿಳಿದು ಸೀದಾ ಪಾಳಿಗೆ ಹೋದೆ. ಮಧ್ಯಾಹ್ನ ಎರಡು ಗಂಟೆ. ಇಷ್ಟು ದಿನ ನಾನು ಪಟ್ಟಿ ಕಟ್ಟುವವಳು ಮಾತ್ರ, ಮಂಚವನ್ನು ಯಾರೂ ನನಗೆ ಒಪ್ಪಿಸಿರಲಿಲ್ಲ. ಅಂದು ಒಬ್ಬ ಆಯಾ ರಜೆಯಲ್ಲಿದ್ದಳು. ಹುಲಿಗೆಮ್ಮ ಬಾಗಿಲಲ್ಲಿ ನನ್ನನ್ನು ಕಂಡು, "ನಡೀರಿ" ಎಂದಳು. ಮಂಚದಿಂದ ಮಂಚಕ್ಕೆ ಹೋದೆವು. ಕೊನೆಗೆ ಅಮರಮ್ಮಜ್ಜಿ.

"ಯವ್ವಾ, ಉಂಡೀದಿ. ಬಲಮಗ್ಗಲಾ ಮಲಗೀದಿ. ಗಾಯಾ ಒಣಗಾಕತ್ತದ. ನಾ ಹೊಂಟೀನಿ. ಇನ್ನ ಈಕಿ ಅದಾಳ."

"ಯಾಕಿ?" ಎಂದಳು ಮುದುಕಿ.

"ಚಾರ್ಟಿನಾಕಿ."

"ಆಕಿ ಊರಿಗಿ ಹೋದ್ಲು ಅಂದಿದ್ದಿ?"

"ಹೋಗಿ ಬಂದಾಳ. ಮತ್ತ ಹೋಗ್ತಾಳೋ ಏನೋ. ಈಗಂತೂ ಅದಾಳ."

ಅಮರಮ್ಮಜ್ಜಿ ಅಂಗೈ ಚಾಚಿದಳು. ನಾನು ಬೆನ್ನು ನೋಡಿದೆ. ಗಾಯದ ಅಂಚಿನಲ್ಲಿ ಹೊಸ ಚರ್ಮ ತಿಳಿಗೆಂಪಾಗಿ ಬರುತ್ತಿತ್ತು. ನನ್ನ ಸೊಂಟದ ಜೇಬಿನಲ್ಲಿ ಫೋನು ಗುರ್ ಎಂದಿತು, ತಲುಪಿದೆಯಾ ಎಂದು ಕೇಳಲು ಅವ್ವನೇ ಇರಬೇಕು. ಹುಲಿಗೆಮ್ಮನ ದೇವದುರ್ಗದ ಬಸ್ಸಿಗೆ ಹೊತ್ತಾಗಿತ್ತು. ಆದರೂ ಆಕೆ ಚೀಲ ಹಿಡಿದು ಅಲ್ಲೇ ನಿಂತಿದ್ದಳು, ನಾನು ಮಾತಾಡುವವರೆಗೆ ಹೋಗುವಂತಿರಲಿಲ್ಲ. ಅಜ್ಜಿಯ ಅಂಗೈಯಲ್ಲಿ ಕೈಯಿಟ್ಟೆ.

"ಅದೀನಿ ಯವ್ವಾ" ಎಂದೆ.

ಹುಲಿಗೆಮ್ಮ ತಿರುಗಿ ನೋಡದೆ ನಡೆದುಬಿಟ್ಟಳು. ಅಮರಮ್ಮಜ್ಜಿ ಮಾತ್ರ ಕೈ ಬಿಡಲಿಲ್ಲ. ನನ್ನ ಹೆಬ್ಬೆರಳಿನ ಬುಡವನ್ನು ಹುಡುಕಿ, ಅಲ್ಲಿದ್ದ ನಾಲ್ಕು ಕಲೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು.

"ಹೌದು" ಎಂದಳು, "ಆಕಿನ."